ಜಿಟಿಜಿಟಿ ಮಳೆಯಲ್ಲಿ ಕಾರಂಜಿ ಕೆರೆಯ ಹಕ್ಕಿಗಳು

ಮಳೆಗಾಲದಲ್ಲಿ ಹಕ್ಕಿ ನೋಡಲು ಮೈಸೂರಿಗೆ ಬರುವವರು ಮೊದಲು ಕೇಳುವುದೇ ರಂಗನತಿಟ್ಟು. ಆದರೆ ಕೆಆರ್‌ಎಸ್ ತುಂಬಿ ಹೊಳೆಗೆ ಜಾಸ್ತಿ ನೀರು ಬಿಟ್ಟಾಗ ಅಲ್ಲಿ ದೋಣಿ ನಿಲ್ಲಿಸುತ್ತಾರೆ. ಜುಲೈಯಲ್ಲಿ ನಾವು ಹೋದಾಗಲೂ ಹಾಗೇ ಆಯಿತು. ಊರೊಳಗೇ ಕಾರಂಜಿ ಕೆರೆ ಇದೆಯಲ್ಲ ಅಂತ ನಾನೂ ತಂಗಿಯೂ ಅಲ್ಲಿಗೆ ಹೋದೆವು. ಚಾಮುಂಡಿ ಬೆಟ್ಟದ ತಪ್ಪಲು, ಮೃಗಾಲಯದ ಪಕ್ಕ. ಆಟೊದವರಿಗೆ ಹೆಸರು ಹೇಳಿದರೆ ಸಾಕು.

ಗೇಟು ತೆರೆಯುವುದು ಬೆಳಗ್ಗೆ ಎಂಟೂವರೆಗೆ. ಹಕ್ಕಿ ನೋಡಲು ಅದು ತಡವಾಯಿತು ಅನಿಸಬಹುದು. ಬಿಸಿಲಿನ ದಿನ ಅದು ನಿಜ. ಮೋಡ ಕವಿದ ದಿನ ಹಾಗಲ್ಲ. ಬಿಸಿಲು ಏರದ ಕಾರಣ ಹಕ್ಕಿಗಳು ಹತ್ತು, ಹನ್ನೊಂದು ಗಂಟೆಯವರೆಗೂ ಮೇಯುತ್ತಲೇ ಇರುತ್ತವೆ. ಅದಕ್ಕೇ ಈ ಜಾಗಕ್ಕೆ ಮಳೆಯ ದಿನವೇ ಸರಿ ಅಂತ ನಾನು ಹೇಳುವುದು.

ಮಳೆ ಜೋರಾದರೆ ವಾಪಸ್ ಹೊರಡಬೇಡಿ. ಎಲ್ಲಾದರೂ ಸೂರಿನಡಿ ನಿಂತು ಕಾಯಿರಿ. ಮಳೆ ನಿಂತ ಮೇಲಿನ ಅರ್ಧ ಗಂಟೆಯೇ ದಿನದ ಒಳ್ಳೆಯ ಹೊತ್ತು. ನೀರುಕಾಗೆ, ಹಾವಕ್ಕಿ ಎರಡೂ ಬೋಳು ಕೊಂಬೆಯ ಮೇಲೆ ಬಂದು ರೆಕ್ಕೆ ಹರವಿ ಕೂರುತ್ತವೆ. ಅವುಗಳ ಗರಿ ನೀರು ಹೀರುತ್ತದೆ. ಮುಳುಗಿ ಮೀನು ಹಿಡಿಯಲು ಅದರಿಂದ ಅನುಕೂಲ, ಆದರೆ ಆಮೇಲೆ ಒಣಗಿಸಿಕೊಳ್ಳಲೇಬೇಕು. ಅಲುಗಾಡದೆ ಕೂತಿರುವುದರಿಂದ ಹೊಸಬರಿಗೂ ಗುರುತು ಹಿಡಿಯುವುದು ಸುಲಭ. ಹಾವಕ್ಕಿಗೆ ಉದ್ದನೆಯ ಕತ್ತು, ಈಟಿಯಂಥ ನೇರ ಕೊಕ್ಕು. ನೀರುಕಾಗೆಯ ಕೊಕ್ಕಿನ ತುದಿ ಕೆಳಗೆ ಬಾಗಿರುತ್ತದೆ. ತಂಗಿ ಅವತ್ತು ಕಲಿತದ್ದು ಇದನ್ನೇ, ಈಗ ಯಾವ ಕೆರೆಯಲ್ಲಿ ಕಂಡರೂ ಥಟ್ಟನೆ ಹೇಳುತ್ತಾಳೆ.

ನೀರಿನ ಮೇಲೆ ಅಂಬರಗುಬ್ಬಿಗಳು ತೀರಾ ಕೆಳಗೆ ಹಾರುತ್ತಿದ್ದವು. ತಂಪಿಗೆ ಹುಳುಗಳು ಕೆಳಗಿಳಿದಿರುತ್ತವೆ, ಅವುಗಳ ಹಿಂದೆ ಇವೂ ಬರುತ್ತವೆ. ಮಳೆ ನಿಂತು ನೆಲದಿಂದ ರೆಕ್ಕೆಯ ಗೆದ್ದಲು ಎದ್ದರಂತೂ ಕಾಜಾಣ, ಗೊರವಂಕಗಳಿಗೆ ಹಬ್ಬ. ಆಗ ಕೆರೆ ಬಿಟ್ಟು ದಾರಿಯ ಬದಿಯ ಮರಗಳ ಕಡೆ ಕಣ್ಣು ಹಾಯಿಸಿ. ಹೆಜ್ಜಾರ್ಲೆಗಳು ಮಾತ್ರ ಮಳೆಗೆ ಒಂದಿಷ್ಟೂ ಜಗ್ಗದೆ ಸುಮ್ನೆ ತೇಲುತ್ತಿದ್ದವು.

ಚಳಿಗಾಲದ ವಲಸೆ ಬಾತುಗಳನ್ನು ಮಳೆಗಾಲದಲ್ಲಿ ಹುಡುಕಬೇಡಿ. ಅವುಗಳಿಗೆ ನವೆಂಬರ್ ನಂತರ ಬನ್ನಿ.

ಕೊಡೆಗಿಂತ ಮಬ್ಬು ಬಣ್ಣದ ರೇನ್‌ಕೋಟ್ ಒಳ್ಳೆಯದು. ಎರಡು ಕೈಯೂ ಬಿಡುವಾಗಿರುತ್ತವೆ, ಫಟ್ಟನೆ ಕೊಡೆ ಬಿಚ್ಚಿದರೆ ಹತ್ತಿರದ ಹಕ್ಕಿ ಹಾರಿಬಿಡುತ್ತದೆ. ಬೈನಾಕ್ಯುಲರ್ ಇದ್ದರೆ ಒರೆಸಲು ಒಣ ಹತ್ತಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ತನ್ನಿ. ಜಾರದ ಚಪ್ಪಲಿ ಹಾಕಿ, ದಾರಿ ಅಲ್ಲಲ್ಲಿ ಕೆಸರು.

ಮಕ್ಕಳಿದ್ದರೆ ಒಳಗಿರುವ ದೊಡ್ಡ ಪಕ್ಷಿಮನೆಗೂ ಕರೆದೊಯ್ಯಿರಿ, ನವಿಲನ್ನು ಹತ್ತಿರದಿಂದ ನೋಡಬಹುದು. ನನಗಂತೂ ಬಲೆಯ ಒಳಗಿನ ಹಕ್ಕಿಗಿಂತ ಕೆರೆಯದೇ ಇಷ್ಟ. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗುವ ಜನರಿಂದ ಈ ಕಡೆಯ ರಸ್ತೆಗಳು ತುಂಬಿರುತ್ತವೆ, ಆ ದಿನ ಬೇಡ. ಮಂಗಳವಾರ ರಜೆ.