ಅಮ್ಮನ ಕಾಲಿನ ಕಂದು ಬಣ್ಣ

ಅಮ್ಮನ ಎರಡೂ ಕಾಲುಗಳಲ್ಲಿ, ಪಾದದ ಗಂಟಿನ ಮೇಲೆ, ತುಕ್ಕಿನಂಥ ಕಂದು ಬಣ್ಣ ಹರಡಿತ್ತು. ಒಳಬದಿಯಲ್ಲಿ ಸ್ವಲ್ಪ ಜಾಸ್ತಿ. "ವಯಸ್ಸಾಯ್ತಲ್ಲ, ಚರ್ಮ ಕಪ್ಪಾಗತ್ತೆ ಬಿಡು" ಅನ್ನುತ್ತಿದ್ದಳು. ಆದರೂ ಸ್ನಾನ ಮಾಡುವಾಗ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಚರ್ಮ ಒಣಗಿ ಹೊಟ್ಟು ಏಳುತ್ತಿತ್ತೇ ಹೊರತು ಬಣ್ಣ ಹೋಗುತ್ತಿರಲಿಲ್ಲ. ಒಂದು ಕಡೆ ತೋರಿಸಿದಾಗ ಸೋಂಕು ಅಂತ ಆಂಟಿಬಯೋಟಿಕ್ ಬರೆದುಕೊಟ್ಟಿದ್ದರು. ಅದರಿಂದಲೂ ಏನೂ ಆಗಲಿಲ್ಲ. ತುರಿಕೆ ಹೆಚ್ಚಾಗಿ ರಾತ್ರಿ ನಿದ್ದೆ ಕೆಟ್ಟಾಗ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಮೊದಲು ಅಮ್ಮನನ್ನು ನಿಲ್ಲಿಸಿ ನೋಡಿದರು. ನಿಂತಾಗ ಮೀನಖಂಡದ ಮೇಲೆ ರಕ್ತನಾಳಗಳು ಹಾವಿನಂತೆ ಉಬ್ಬಿ ಕಂಡವು. ಆಮೇಲೆ ಕೂರಿಸಿ, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ಅಂದರೆ ಕಾಲಿನಲ್ಲಿ ಊತವಿತ್ತು.

"ಜ್ವರ ಇಲ್ಲ, ಎರಡೂ ಕಾಲಿಗೆ ಒಂದೇ ಥರ ಆಗಿದೆ. ಇದು ಸೋಂಕಿನ ಲಕ್ಷಣ ಅಲ್ಲಮ್ಮ" ಅಂದರು.

ಕಾಲಿನ ರಕ್ತ ಮೇಲಕ್ಕೆ, ಹೃದಯಕ್ಕೆ ವಾಪಸು ಹೋಗಬೇಕು. ಕೆಳಗೆ ಜಾರದಂತೆ ರಕ್ತನಾಳದೊಳಗೆ ಪುಟ್ಟ ಪುಟ್ಟ ಕವಾಟಗಳಿರುತ್ತವೆ. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ, ಒತ್ತಡ ಏರುತ್ತದೆ, ಕೆಂಪು ರಕ್ತಕಣಗಳು ಸಣ್ಣ ನಾಳಗಳಿಂದ ಹೊರಗೆ ಸೋರುತ್ತವೆ. ಅವು ಒಡೆದಾಗ ಅವುಗಳಲ್ಲಿನ ಕಬ್ಬಿಣ ಚರ್ಮದಲ್ಲೇ ಉಳಿಯುತ್ತದೆ. ತುಕ್ಕಿನ ಬಣ್ಣ ಬರುವುದು ಅದರಿಂದ! ಒಳಗಿನಿಂದ ಬಂದ ಬಣ್ಣವನ್ನು ಸೋಪು ಹೇಗೆ ತೆಗೆದೀತು?

ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲೂ ಅದೇ ಕಂಡಿತು. ಬಿಗಿಯಾದ ಸ್ಟಾಕಿಂಗ್ಸ್ ಹಾಕಬೇಕು ಅಂದರು. ಆದರೆ ಅದಕ್ಕೂ ಮೊದಲು ಪಾದದ ನಾಡಿ ಹಿಡಿದು ನೋಡಿದರು, ಕಾಲಿನ ಬಿಪಿಯನ್ನು ತೋಳಿನ ಬಿಪಿ ಜೊತೆ ಹೋಲಿಸಿದರು. ಕಾಲಿಗೆ ರಕ್ತ ಇಳಿಯುವ ನಾಳವೇ ಕಟ್ಟಿಕೊಂಡಿದ್ದರೆ ಬಿಗಿ ಸ್ಟಾಕಿಂಗ್ಸ್ ಅಪಾಯವಂತೆ. ಸುಮ್ನೆ ಅಂಗಡಿಯಿಂದ ತಂದು ಹಾಕಿಸುವವರಿಗೆ ಈ ಮಾತನ್ನು ನಾನೀಗ ಒತ್ತಿ ಹೇಳುತ್ತೇನೆ.

"ಬಣ್ಣ ಪೂರ್ತಿ ಹೋಗತ್ತಾ ಡಾಕ್ಟ್ರೇ?" ಅಮ್ಮನಿಗೆ ಅದೇ ಚಿಂತೆ.

"ಸ್ವಲ್ಪ ತಿಳಿಯಾಗಬಹುದು, ಪೂರ್ತಿ ಹೋಗೋದು ಕಷ್ಟ. ಆದರೆ ಇಲ್ಲಿ ಗಾಯ ಆಗೋಕೆ ಬಿಡಬಾರದು" ಅಂತ ಗಂಟಿನ ಒಳಬದಿಯನ್ನು ಮುಟ್ಟಿ ತೋರಿಸಿದರು. ಅಲ್ಲಿ ಹುಣ್ಣಾದರೆ ತಿಂಗಳುಗಟ್ಟಲೆ ಮಾಯುವುದಿಲ್ಲವಂತೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ತಡ ಮಾಡದೆ ಬನ್ನಿ ಅಂತಲೂ ಎಚ್ಚರಿಸಿದರು.

ಸ್ಟಾಕಿಂಗ್ಸ್ ಹಾಕುವುದೇ ಮೊದಮೊದಲು ದೊಡ್ಡ ಕೆಲಸವಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ, ಊತ ಏರುವ ಮೊದಲೇ ಹಾಕಿದರೆ ಸಲೀಸು. ಅಮ್ಮನ ಬೆರಳಿಗೆ ಅಷ್ಟು ಶಕ್ತಿಯಿಲ್ಲ, ಅದಕ್ಕೆ ನಾನು ರಬ್ಬರ್ ಗ್ಲೌಸ್ ಹಾಕಿಕೊಂಡು ಮೇಲಕ್ಕೆ ಸವರುತ್ತೇನೆ. ಬಟ್ಟೆ ಜಾರುವುದಿಲ್ಲ, ಸುಕ್ಕೂ ಬೀಳುವುದಿಲ್ಲ. ಮಧ್ಯಾಹ್ನ ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರುವಂತೆ ದಿಂಬು ಇಡುತ್ತೇವೆ. ರಾತ್ರಿ ಸ್ಟಾಕಿಂಗ್ಸ್ ತೆಗೆದು, ಸುವಾಸನೆ ಇಲ್ಲದ ಕ್ರೀಮ್ ಹಚ್ಚುತ್ತೇವೆ.

ತುರಿಕೆ ನಿಂತಿದೆ. ಸಂಜೆಯ ಊತವೂ ಇಳಿದಿದೆ. ಬಣ್ಣ ಇನ್ನೂ ಇದೆ, ಆದರೆ ಅಮ್ಮ ಈಗ ಅದನ್ನು ಉಜ್ಜುವುದಿಲ್ಲ.