ಹಿನ್ನೀರಿನ ದೋಣಿಗೆ ಕಾವಲು: ಎಲ್ಲಿಗೆ ಬಂತು ಕೆಲಸ

ದೋಣಿ ಇರುವುದು ಬಾಗಲಕೋಟೆ ಹತ್ತಿರ ಘಟಪ್ರಭೆಯ ಹಿನ್ನೀರಿನ ದಂಡೆಗೆ, ನಾನು ಮಲಗುವುದು ನವನಗರದಲ್ಲಿ. ಫೈಬರ್ ದೋಣಿ ಕದ್ದವನು ಅದನ್ನು ಎಲ್ಲಿ ಬಚ್ಚಿಡಬೇಕು? ಕಣ್ಣು ಬೀಳುವುದು ಹಿಂದಿನ ಔಟ್‌ಬೋರ್ಡ್ ಎಂಜಿನ್ ಮೇಲೆ. ಎರಡು ತಿರುಪು ಸಡಿಲಿಸಿದರೆ ಹೆಗಲ ಮೇಲೆ ಹೊತ್ತುಕೊಂಡು ನಡೆದುಬಿಡಬಹುದು.

ಎಂಜಿನ್ ಕೀಲಿ: ಮುಗಿದಿದೆ. ಚೌಕ ಪೈಪಿನ ತುಂಡಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಉದ್ದಕ್ಕೂ ಸೀಳು ಹಾಕಿಸಿದೆ. ಎರಡೂ ತಿರುಪಿನ ಹಿಡಿಗಳನ್ನು ಒಂದೇ ಸಾಲಿಗೆ ತಂದು ಪೈಪನ್ನು ಪಕ್ಕದಿಂದ ಸರಿಸಿದರೆ ಹಿಡಿಗಳು ಒಳಗೆ ಸೇರುತ್ತವೆ, ಆಮೇಲೆ ತಿರುಗಲು ಜಾಗವೇ ಇಲ್ಲ. ತುದಿಗೆ ಹಿತ್ತಾಳೆ ಕೀಲಿ. ಪೆಟ್ರೋಲ್ ಟ್ಯಾಂಕು, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಮನೆಗೆ ಬರುತ್ತವೆ. ಎಂಜಿನ್ನಿನ ಸೀರಿಯಲ್ ನಂಬರಿನ ಫೋಟೋ ಫೋನಿನಲ್ಲಿದೆ.

ಸರಪಳಿ: ಅರ್ಧ. ಈ ಹಿನ್ನೀರು ಆಲಮಟ್ಟಿ ಅಣೆಕಟ್ಟಿನದು. ಅದು ತುಂಬಿ 519.60 ಮೀಟರ್ ಮುಟ್ಟಿದಾಗ ದಂಡೆ ಒಂದು ಕಡೆ, ಬ್ಯಾಸಿಗೆಯಲ್ಲಿ ಇನ್ನೆಲ್ಲೋ. ಕಾಂಕ್ರೀಟ್ ಕಂಬ ಹೂಳುವ ಮಾತೇ ಇಲ್ಲ. ಸದ್ಯಕ್ಕೆ ಜಾಲಿ ಮರದ ಬುಡಕ್ಕೆ ಸರಪಳಿ, ದೋಣಿಗೆ ತಿಕ್ಕದಂತೆ ಮೇಲೆ ಸೈಕಲ್ ಟ್ಯೂಬು. ದೋಣಿಯ ಮೂತಿಯಲ್ಲಿ ಯು ಬೋಲ್ಟು, ಒಳಗಡೆ ಅಗಲ ಕಬ್ಬಿಣದ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಹಾರೆಯಿಂದ ಮೀಟಿದವನಿಗೆ ಬೋಲ್ಟು ಫೈಬರ್ ಸಮೇತ ಕಿತ್ತು ಬರುತ್ತದೆ.

ಅಲಾರಂ: ತಲೆ ತಿಂದದ್ದು ಇದು. ಮೊದಲು ಪಿಐಆರ್ ಸೆನ್ಸರ್ ಕೂಡಿಸಿ ನೋಡಿದೆ. ಅದು ನೋಡುವುದು ಶಾಖದ ಚಲನೆಯನ್ನು. ಗಾಳಿಗೆ ದೋಣಿ ಹೊರಳಿದರೆ ಬಿಸಿಲಿಗೆ ಕಾದ ದಂಡೆಯೇ ಅದರ ಕಣ್ಣ ಮುಂದೆ ಹಾದುಹೋಗುತ್ತದೆ. ಕೊಕ್ಕರೆ ಬಂದು ಕೂತರೂ ಸೈರನ್. ದಂಡೆಯಲ್ಲೇ ಬಲೆ ಕಾಯುತ್ತ ಮಲಗುವ ಮೀನುಗಾರ ಕಾಕಾ ಒಂದು ಮುಂಜಾನೆ ಹೇಳಿಯೇಬಿಟ್ಟರು: ‘ತಮ್ಮಾ, ಇದು ಹಿಂಗ ದಿನಾ ಒದರಿದ್ರ, ಖರೇನ ಕಳ್ಳ ಬಂದಾಗೂ ಕೊಕ್ಕರಿ ಅಂತ ಮಗ್ಗಲಾ ಬದಲಿಸಿ ಮಕ್ಕೋತೀನಿ.’ ಸೆನ್ಸರ್ ಬಿಚ್ಚಿದೆ. ಕತ್ತಲಲ್ಲಿ ಅಲ್ಲಿಗೆ ಮೊದಲು ಮುಟ್ಟುವವರು ಅವರೇ. ಅವರು ನಂಬದ ಸೈರನ್ ಇದ್ದೂ ಇಲ್ಲದ ಹಾಗೆ.

ಈಗಿನದು ತಂತಿಯ ಕುಣಿಕೆ. ಕಟ್ಟುವ ನೈಲಾನ್ ಹಗ್ಗದ ಎಳೆಗಳ ನಡುವೆ ತೆಳು ಜೋಡಿ ತಂತಿ, ಮರದ ಕಡೆಯ ತುದಿಯಲ್ಲಿ 10 ಕಿಲೋಓಮ್ ರೆಸಿಸ್ಟರ್. ಇನ್ನೊಂದು ತುದಿಯಲ್ಲಿ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಕಡೆಯೂ ಅಷ್ಟೇ ಕಿಲೋಓಮಿನ ರೆಸಿಸ್ಟರ್. ಬೋರ್ಡು ವೋಲ್ಟೇಜನ್ನು ಸೊನ್ನೆಯಿಂದ 1023ರ ತನಕದ ಅಂಕಿಯಾಗಿ ಓದುತ್ತದೆ, ಹಾಗಾಗಿ ಎಲ್ಲ ಸರಿ ಇದ್ದಾಗ ಅಂಕಿ 512ರ ಆಸುಪಾಸು. ಹಗ್ಗ ಕೊಯ್ದರೆ 1023ಕ್ಕೆ ಏರುತ್ತದೆ. ಜಾಣ ಕಳ್ಳ ತಂತಿ ಸುಲಿದು ಎರಡನ್ನೂ ಕೂಡಿಸಿದರೆ ಸೊನ್ನೆಗೆ ಇಳಿಯುತ್ತದೆ. ಎರಡಕ್ಕೂ ಸೈರನ್. ನೈಲಾನ್ ಹಿಗ್ಗುವ ಜಾತಿ. ತಂತಿಯನ್ನು ಬಿಗಿಯಾಗಿ ಎಳೆಯದೆ ಸುರುಳಿಯಾಗಿ ಸಡಿಲ ಬಿಟ್ಟಿದ್ದೇನೆ.

ಫೋನಿಗೆ ಕರೆ ಮಾಡಲು ಸಿಮ್ ಹಾಕುವ ಪುಟ್ಟ ಮೊಬೈಲ್ ಬೋರ್ಡು, ಸಿಮ್800ಎಲ್. ಅದಕ್ಕೆ 2ಜಿ ಬೇಕು, ಜಿಯೋ ಸಿಮ್ ನಡೆಯುವುದಿಲ್ಲ. ಕರೆ ಹೋಗುವ ಗಳಿಗೆಯಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ, ಸಣ್ಣ ರೆಗ್ಯುಲೇಟರ್ ಹಾಕಿದರೆ ವೋಲ್ಟೇಜ್ ಕುಸಿದು ರೀಸೆಟ್. 18650 ಲಿಥಿಯಂ ಸೆಲ್ಲಿನಿಂದ ನೇರ ಕೊಟ್ಟು, ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದ ಮೇಲೆ ಸುಮ್ಮನಾಗಿದೆ. ಮೊದಲ ಕರೆ ಕಾಕಾನಿಗೆ, ಎರಡನೆಯದು ನನಗೆ.

ಉಳಿದಿರುವುದು: ಪೆಟ್ಟಿಗೆಗೆ ರಬ್ಬರ್ ಗ್ಯಾಸ್ಕೆಟ್, ಸಣ್ಣ ಸೋಲಾರ್ ಪ್ಯಾನಲ್. ನೀರು ಇಳಿಯತೊಡಗಿದಾಗ ಸರಪಳಿಗೆ ಜಾಲಿ ಮರ ಎಟುಕುವುದಿಲ್ಲ. ಅದಕ್ಕೆ ನೆಲಕ್ಕೆ ತಿರುಗಿಸಿ ಇಳಿಸುವ ಕಬ್ಬಿಣದ ಗೂಟವೊಂದನ್ನು ಅದೇ ವೆಲ್ಡಿಂಗ್ ಅಂಗಡಿಗೆ ಹೇಳಿದ್ದೇನೆ. ಕರಿಮಣ್ಣು ಅದನ್ನು ಎಷ್ಟು ಬಿಗಿ ಹಿಡಿಯುತ್ತದೋ ಎಳೆದು ನೋಡಬೇಕು.