ಥೀಸಿಸ್‌ಗೆ ಮೊಳೆ ಹೊಡೆದ ದಿನ

ಪಿಎಚ್‌ಡಿಗೆಂದು ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದು ಮೂರು ವರ್ಷವಾಯಿತು. ಮೊದಲ ವರ್ಷ ಕಂಡ ಒಂದು ದೃಶ್ಯ ಇನ್ನೂ ಕಣ್ಣಲ್ಲಿದೆ. ವಿಭಾಗದ ಗೆಳತಿಯೊಬ್ಬಳು ತನ್ನ ಥೀಸಿಸ್‌ನ (ಪಿಎಚ್‌ಡಿ ಪ್ರಬಂಧದ) ಮೂಲೆಗೆ ತೂತು ಕೊರೆದು, ದಾರ ಪೋಣಿಸಿ, ಹಲಗೆಗೆ ಮೊಳೆ ಹೊಡೆದು ತೂಗುಹಾಕಿದಳು. ವೈವಾಕ್ಕೆ, ಅಂದರೆ ಕೊನೆಯ ಮೌಖಿಕ ಪರೀಕ್ಷೆಗೆ, ಮೂರು ವಾರ ಮೊದಲೇ ಹೀಗೆ ಮಾಡುವುದು ಇಲ್ಲಿನ ಹಳೆಯ ಪದ್ಧತಿ. ಯಾರು ಬೇಕಾದರೂ ಓದಬಹುದು, ವೈವಾಕ್ಕೆ ಬಂದು ಪ್ರಶ್ನೆಯನ್ನೂ ಕೇಳಬಹುದು.

ಥೀಸಿಸ್ ಅಷ್ಟೇ ಅಲ್ಲ. ನನಗೂ ನನ್ನ ಗೈಡ್‌ಗೂ (ಸಂಶೋಧನಾ ಮಾರ್ಗದರ್ಶಕರಿಗೂ) ಸೇರಿ ಒಂದು ಅಧ್ಯಯನ ಯೋಜನೆ ಇದೆ. ನಾನೇನು ಮಾಡಬೇಕು, ವಿಶ್ವವಿದ್ಯಾಲಯ ನನಗೇನು ಕೊಡಬೇಕು, ಎರಡೂ ಅದರಲ್ಲಿವೆ. ವರ್ಷಕ್ಕೊಮ್ಮೆಯಾದರೂ ಅದನ್ನು ತೆಗೆದು ನೋಡಲೇಬೇಕು. ಸರ್ಕಾರಿ ಕಾಗದ ನೋಡುವ ಹಕ್ಕು ಇಲ್ಲಿನ ಜನರಿಗೆ 1766ರಿಂದಲೇ ಇದೆ.

ಹೋದ ರಜೆಯಲ್ಲಿ ಕಲಬುರಗಿಗೆ ಬಂದಿದ್ದೆ. ಚಿಕ್ಕಪ್ಪನ ಮಗಳು ನಮ್ಮ ಕಡೆಯೇ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಸಿನಾಪ್ಸಿಸ್, ಅಂದರೆ ಸಂಶೋಧನೆಯ ಸಾರಾಂಶ, ಕೊಟ್ಟು ಎಂಟು ತಿಂಗಳಾಗಿತ್ತು. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಅಕ್ಕಾ, ಫೈಲ್ ಯಾರ ಟೇಬಲ್ ಮ್ಯಾಲ ಅದ ಅಂತ ಯಾರೂ ಹೇಳವಲ್ರು." ಕೈ ನಿಲ್ಲಿಸಲಿಲ್ಲ, ದನಿ ಮಾತ್ರ ಸಣ್ಣದಾಯಿತು.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ ಗೈಡ್‌ಗಳ ಹೆಸರು, ಅವರ ಕೈಕೆಳಗಿನ ವಿದ್ಯಾರ್ಥಿಗಳು, ವಿಷಯ, ಸೇರಿದ ದಿನ ಎಲ್ಲ ವೆಬ್‌ಸೈಟಿನಲ್ಲಿರಬೇಕು, ಪ್ರತಿ ವರ್ಷ ಹೊಸದಾಗಬೇಕು. ಪ್ರೊಫೆಸರ್‌ಗೆ ಒಂದು ಹೊತ್ತಿಗೆ 8 ವಿದ್ಯಾರ್ಥಿಗಳೇ ಮಿತಿ. ಪಟ್ಟಿ ಇದ್ದರೆ ಯಾರಾದರೂ ಎಣಿಸಿ ನೋಡಬಹುದು, ಅಲ್ವಾ? ಅವತ್ತು ರಾತ್ರಿ ಇಬ್ಬರೂ ಮೊಬೈಲಿನಲ್ಲಿ ಹುಡುಕಿದೆವು. ಸಿಕ್ಕ ಪಟ್ಟಿ ಮೂರು ವರ್ಷ ಹಳೆಯದು. ಅದರಲ್ಲಿ ತಂಗಿಯ ಹೆಸರೇ ಇರಲಿಲ್ಲ.

ಪಾರದರ್ಶಕತೆಯನ್ನು ಅಳೆಯಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು ಅನ್ನಿಸಿತು. ಕೇಂದ್ರ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊಡುವ ಎನ್‌ಐಆರ್‌ಎಫ್ ರ್ಯಾಂಕಿಂಗ್‌ನಲ್ಲಿ ಎಷ್ಟು ಜನ ಪಿಎಚ್‌ಡಿ ಮುಗಿಸಿದರು ಅನ್ನುವುದಕ್ಕೆ ಅಂಕ ಇದೆ. ಫೈಲ್ ಎಷ್ಟು ದಿನ ಕಾಯಿತು ಅನ್ನುವುದನ್ನೂ ಎಣಿಸಲಿ. ಯಾರಿಗೂ ಫೋನ್ ಮಾಡದೆ, ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ, ಹಳ್ಳಿಯ ಹುಡುಗಿಯೊಬ್ಬಳು ಮನೆಯಲ್ಲೇ ಕೂತು ತನ್ನ ಫೈಲ್ ಎಲ್ಲಿದೆ ಅಂತ ತಿಳಿಯಬಹುದಾ? ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಅಳತೆ.

ಮರುದಿನ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆದೆವು. ಸಿನಾಪ್ಸಿಸ್ ತಲುಪಿದ ದಿನ, ಈಗ ಅದು ಯಾರ ಬಳಿ ಇದೆ, ಅದನ್ನು ನೋಡುವ ಸಮಿತಿ ಯಾವತ್ತು ಕೂತಿತ್ತು, ಇಷ್ಟೇ ಕೇಳಿದ್ದು. ಗೈಡ್‌ಗೆ ಸಿಟ್ಟು ಬರಬಹುದು ಅಂತ ತಂಗಿ ಪೆನ್ನು ಹಿಡಿದು ತುಂಬಾ ಹೊತ್ತು ಸುಮ್ನೆ ಕೂತಳು. ಆಮೇಲೆ ಸಹಿ ಹಾಕಿದಳು. ಉತ್ತರ ಕೊಡಲು 30 ದಿನ ಗಡುವು. ಇವತ್ತಿಗೆ ಹನ್ನೆರಡು ದಿನ.